ಟೋಪಿಯ ನೆತ್ತಿ

"ಗುರುಗಳೇ, ನೀವು ಹೇಳಿಕೊಟ್ಟದ್ದನ್ನು ಒಂದಕ್ಷರವೂ ಕದಲದಂತೆ ಕಾದಿಟ್ಟುಕೊಂಡಿದ್ದೇನೆ. ಇಷ್ಟು ಸಾಲದೇ?" ಎಂದು ಶಿಷ್ಯೆ ಕೇಳಿದಳು.

ಗುರುಗಳು ಒಂದು ಕತೆ ಹೇಳಿದರು.

ಕಡಲಂಚಿನ ಒಂದೂರಿನ ಜನ ಉಪ್ಪಿನ ಆಗರದಲ್ಲಿ ದುಡಿಯುತ್ತಿದ್ದರು. ಅಲ್ಲಿ ಬಿಸಿಲು ಮೇಲಿನಿಂದಲೂ ಸುಡುತ್ತದೆ, ಕೆಳಗಿನಿಂದಲೂ ಸುಡುತ್ತದೆ. ಹಿಂದೆ ಎಲ್ಲರ ತಲೆಯ ಮೇಲೂ ಅಗಲ ಅಂಚಿನ ಹುಲ್ಲಿನ ಟೋಪಿ ಇರುತ್ತಿತ್ತು. ಟೋಪಿ ಹೆಣೆಯುವವರು ತೀರಿಕೊಂಡ ಮೇಲೆ, ಇದ್ದದ್ದು ಸವೆಯದಿರಲೆಂದು ಮನೆಮನೆಯಲ್ಲೂ ಅದನ್ನು ಅಟ್ಟಕ್ಕೇರಿಸಿದರು. ಹುಲ್ಲಿಗೆ ಆಯುಸ್ಸೆಷ್ಟು? ಒಂದೊಂದಾಗಿ ಪುಡಿಯಾದವು. ಕೊನೆಗೆ ಒಬ್ಬ ಮುದುಕಿಯ ಮನೆಯಲ್ಲಿ ಮಾತ್ರ ಒಂದು ಉಳಿಯಿತು, ಅವಳ ಗಂಡ ಹೆಣೆದದ್ದು.

ಆ ಊರಿನ ಚಾಪೆ ಹೆಣೆಯುವವಳು ಅಂಥದ್ದೇ ಟೋಪಿ ಮಾಡಲು ಹೊರಟಳು. ಮುದುಕಿಯ ಜಗಲಿಯಲ್ಲಿ ಕುಳಿತು ಹಳೆಯದನ್ನು ನೋಡಿ ನೋಡಿ ಕಲಿತಳು. ಭತ್ತದ ಹುಲ್ಲನ್ನು ನೆನೆಸಿದಳು, ಏಳೇಳು ಎಳೆ ಸೇರಿಸಿ ಜಡೆ ಹೆಣೆದಳು, ನೆತ್ತಿಯಿಂದ ಶುರುಮಾಡಿ ಜಡೆಯನ್ನು ಸುತ್ತಿ ಸುತ್ತಿ ಹೊಲಿದಳು. ಪ್ರತಿ ಸಲವೂ ನೆತ್ತಿ ಮುದುಡಿ ಉಬ್ಬಿಕೊಂಡಿತು. ಮೊದಲ ಸುತ್ತಿಗೆ ಜಡೆ ಬಾಗಲೊಲ್ಲದು. ಹಳೆಯವರು ಹೇಗೆ ಶುರುಮಾಡಿದರೆಂಬುದು ಹೊಲಿಗೆಯೊಳಗೆ ಅಡಗಿತ್ತು.

"ನೆತ್ತಿಯನ್ನಷ್ಟೇ ಬಿಚ್ಚಿ ನೋಡಲೇ, ಅಜ್ಜಿ?"

"ಬೇಕಾದರೆ ನನ್ನ ನೆತ್ತಿ ಬಿಚ್ಚು. ಅದನ್ನು ಮುಟ್ಟಬೇಡ."

"ನಿಮ್ಮ ನೆತ್ತಿಯಲ್ಲಿ ಆ ಗುಟ್ಟು ಇದ್ದಿದ್ದರೆ ಎಂದೋ ಬಿಚ್ಚುತ್ತಿದ್ದೆ."

ಮುದುಕಿ ನಕ್ಕಳು, ಆದರೆ ಒಪ್ಪಲಿಲ್ಲ. ಚಾಪೆಯವಳೂ ಬಲವಂತ ಮಾಡಲಿಲ್ಲ. ಗಂಡನದೆಂದು ಮುದುಕಿಗೆ ಉಳಿದದ್ದು ಅದೊಂದೇ.

ಚೈತ್ರದಲ್ಲಿ ಒಂದು ದಿನ ಮುದುಕಿಯ ಸೊಸೆ ಆಗರದಲ್ಲಿ ತಲೆಸುತ್ತಿ ಬಿದ್ದಳು. ನಾಲ್ಕು ಜನ ಹೊತ್ತು ತಂದರು. ಅವಳಿಗೆ ಎಚ್ಚರವಾಗಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಮುದುಕಿ ತಾನಾಗಿ ಟೋಪಿ ಹಿಡಿದು ಚಾಪೆಯವಳ ಮನೆಗೆ ಬಂದಳು. "ಕತ್ತರಿಸು. ನಾನು ಆ ಕಡೆ ತಿರುಗಿ ಕೂರುತ್ತೇನೆ," ಎಂದಳು.

ಹೊಲಿಗೆ ಬಿಚ್ಚಿದಾಗ ಒಳಗೆ ಗಂಟೂ ಇರಲಿಲ್ಲ, ಗುಟ್ಟೂ ಇರಲಿಲ್ಲ. ಅಂಗೈಯಗಲದ ಒಂದು ಬಿಲ್ಲೆ ಇತ್ತು. ಇನ್ನೂ ಹಳೆಯ ಯಾವುದೋ ಟೋಪಿಯಿಂದ ಕತ್ತರಿಸಿಕೊಂಡ ಕಪ್ಪಾದ ನೆತ್ತಿ ಅದು. ಅದರ ನಡುವೆ ಅದಕ್ಕಿಂತ ಹಳೆಯ, ಅದಕ್ಕಿಂತ ಚಿಕ್ಕ ಮತ್ತೊಂದು ಬಿಲ್ಲೆ. ಆ ಊರಿನಲ್ಲಿ ಯಾರೂ ಟೋಪಿಯನ್ನು ಬರಿಯ ಜಡೆಯಿಂದ ಶುರುಮಾಡಿರಲೇ ಇಲ್ಲ. ಹಳೆಯದರ ನೆತ್ತಿ ತೆಗೆದು ಹೊಸದನ್ನು ಅದರ ಸುತ್ತ ಹೊಲಿಯುತ್ತಿದ್ದರು.

ಚಾಪೆಯವಳು ಮುದುಕಿಯ ಗಂಡನ ಟೋಪಿಯ ನೆತ್ತಿಯನ್ನು ದುಂಡಗೆ ಕತ್ತರಿಸಿ, ಅದರ ಸುತ್ತ ಹಸಿ ಜಡೆ ಹಿಡಿದು ಸುತ್ತಿದಳು. ಜಡೆ ಒಂದು ಸುಕ್ಕೂ ಇಲ್ಲದೆ ಬಾಗಿತು. ಆ ಟೋಪಿ ಹಾಕಿಕೊಂಡು ಸೊಸೆ ಮತ್ತೆ ಆಗರಕ್ಕೆ ಹೋದಳು.

ಶಿಷ್ಯೆಗೆ ಸಮಾಧಾನವಾಗಲಿಲ್ಲ. "ಅಷ್ಟು ಜೋಪಾನವಾಗಿ ಇಟ್ಟಿದ್ದನ್ನು ಕೊನೆಗೂ ಕತ್ತರಿಸಿಯೇಬಿಟ್ಟರಲ್ಲ?" ಎಂದಳು.

ಗುರುಗಳು ಹೇಳಿದರು: "ಬೇರೆ ಮನೆಗಳವರು ಯಾರೂ ಕತ್ತರಿಸಲಿಲ್ಲ. ಅವರ ಟೋಪಿಗಳು ಈಗೆಲ್ಲಿವೆ?"