ಪಂಚಾಯಿತಿಯಲ್ಲಿ ಬಂದ ತೇಗು

ಶ್ವಾಸಕೋಶದ ಕೆಮ್ಮು ತಿಂಗಳಾದರೂ ನಿಲ್ಲಲಿಲ್ಲ. ಕೆಳಮನೆಯ ಹೊಟ್ಟೆರಾಯನಿಗೆ ರೇಗಿಹೋಯಿತು. ಹೋಳಿಗೆಯೂಟ ಮುಗಿಸಿದವನೇ ಧೂಳನ್ನು ಹಿಡಿದು ತರಿಸಿ, ಪಂಚಾಯಿತಿ ಸೇರಿಸಿ, ಪೀಠದ ಮೇಲೆ ಕೂತ.

"ಎಲವೋ ಧೂಳೇ, ನೆರೆಯವನ ಉಸಿರಿಗೇ ಕೈ ಹಾಕಿದೆಯಾ?"

"ಮಳೆ ಹಿಡಿದಾಗಿನಿಂದ ನಾನು ನೆಲ ಬಿಟ್ಟೆದ್ದಿಲ್ಲ, ಸ್ವಾಮಿ."

"ಸುಳ್ಳು!" ಎಂದು ಗದರುವಷ್ಟರಲ್ಲಿ ಹೊಟ್ಟೆರಾಯನಿಗೆ ದೊಡ್ಡದೊಂದು ಹುಳಿತೇಗು ಬಂತು. ಹುಳಿನೀರು ಗಂಟಲವರೆಗೆ ಉಕ್ಕಿ, ಅದರದೊಂದು ಹನಿ ಪಕ್ಕದ ಉಸಿರುಕೊಳವೆಗೆ ಜಾರಿತು. ಶ್ವಾಸಕೋಶ ಬಿಟ್ಟೂ ಬಿಡದೆ ಕೆಮ್ಮಿತು. ಸಭೆಯೆಲ್ಲ ಹೊಟ್ಟೆರಾಯನತ್ತ ತಿರುಗಿತು.

ಅವನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಶ್ವಾಸಕೋಶದತ್ತ ತಿರುಗಿ, "ಗೊತ್ತಿದ್ದೂ ಯಾಕೆ ಹೇಳಲಿಲ್ಲ, ತಮ್ಮಾ?" ಎಂದ.

"ಉಂಡವರ ತೇಗನ್ನು ಆಡಿಕೊಳ್ಳಬಾರದು ಅಂತ ಸುಮ್ಮನಿದ್ದೆ, ಅಣ್ಣಾ."

ಹೊಟ್ಟೆರಾಯ ಪೀಠದಿಂದ ಇಳಿದು, ಧೂಳನ್ನು ಪಕ್ಕಕ್ಕೆ ಸರಿಸಿ, ಅದು ನಿಂತಿದ್ದ ಜಾಗದಲ್ಲಿ ಕೈಕಟ್ಟಿ ನಿಂತ.