ಕಲ್ಲುಕುಟಿಗನ ಮಗಳ ಹೊಟ್ಟೆನೋವು

"ಗುರುಗಳೇ, ನಾನು ಅಕ್ಷರ ಕಲಿಸುವ ಮಕ್ಕಳಲ್ಲಿ ಒಂದು ಮಗು ಎಲ್ಲದಕ್ಕೂ ಹೆದರುತ್ತದೆ. ದೊಡ್ಡದಾದ ಮೇಲೆ ತಾನಾಗಿಯೇ ಹೋಗುವ ಭಯಕ್ಕೆ ಈಗ ನಾವು ತಲೆ ಕೆಡಿಸಿಕೊಳ್ಳಬೇಕೇ?" ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

ಗುರುಗಳು ಅವನಿಗೆ ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಲ್ಲುಕುಟಿಗನಿದ್ದ. ಬಂಡೆ ಸೀಳಿ ಒರಳು, ಬೀಸುವ ಕಲ್ಲು ಮಾಡುವುದು ಅವನ ಕಸುಬು. ಗಟ್ಟಿ ಆಳು. ತಾನು ಯಾವುದಕ್ಕೂ ಹೆದರುವವನಲ್ಲ ಎಂದು ಹೇಳಿಕೊಳ್ಳುತ್ತಿದ್ದ; ಊರಿನವರೂ ಹಾಗೆಯೇ ತಿಳಿದಿದ್ದರು.

ಅವನಿಗೆ ಸಾವಂತ್ರಿ ಎಂಬ ಒಬ್ಬಳೇ ಮಗಳು. ಅವಳಿಗೆ ಆರು ವರ್ಷವಾದಾಗ, ದಿನಾ ಬೆಳಿಗ್ಗೆ ಅಪ್ಪ ಸುತ್ತಿಗೆ ಹೆಗಲಿಗೇರಿಸುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬರುತ್ತಿತ್ತು. ತಾಯಿ ಓಮದ ನೀರು ಕುಡಿಸುತ್ತಿದ್ದಳು. ನೋವು ನಿಲ್ಲುತ್ತಿರಲಿಲ್ಲ. ಮಗು ಅಪ್ಪನ ಪಂಚೆ ಹಿಡಿದು, "ಬಂಡೆ ಮೈಮೇಲೆ ಬಿದ್ದರೆ ಏನು ಮಾಡ್ತೀ ಅಪ್ಪಾ?" ಎಂದು ಕೇಳುತ್ತಿತ್ತು. ಅವನು ನಗುತ್ತಿದ್ದ. ಸಂಜೆ ಕಟ್ಟೆಯ ಮೇಲೆ ಅದನ್ನೇ ಹೇಳಿ ಉಳಿದವರನ್ನೂ ನಗಿಸುತ್ತಿದ್ದ.

ಒಂದು ದಿನ ಅವನಿಗೆ ಸಾಕಾಯಿತು. "ಕಲ್ಲುಕುಟಿಗನ ಮಗಳು ಹೆದರುವುದೇ? ಇನ್ನೊಮ್ಮೆ ಈ ಮಾತು ನಿನ್ನ ಬಾಯಲ್ಲಿ ಬರಕೂಡದು" ಎಂದು ಗದರಿಸಿದ. ಮಗು ಪಂಚೆ ಬಿಟ್ಟಿತು. ಮರುದಿನ ಹೊಟ್ಟೆನೋವು ಎನ್ನಲಿಲ್ಲ. ಅದರ ಮರುದಿನವೂ ಎನ್ನಲಿಲ್ಲ. ಒಂದೇ ಗದರಿಕೆಗೆ ಭಯ ಓಡಿತು ಎಂದು ಅವನು ಹೆಂಡತಿಗೆ ಹೇಳಿದ. ಹಾಗೆಂದೇ ನಂಬಿದ.

ಎಂಟು ವರ್ಷ ಕಳೆಯಿತು. ಹದಿನಾಲ್ಕರಲ್ಲಿ ಸಾವಂತ್ರಿ ಗೆಳತಿಯರ ಜೊತೆ ನೀರಿಗೆ ಹೋಗುವುದನ್ನು ಬಿಟ್ಟಳು. ಆಮೇಲೆ ಊಟ ಸೇರದಾಯಿತು. ನಿದ್ದೆ ಹೋಯಿತು. ವಯಸ್ಸಿಗೆ ಬಂದ ಹುಡುಗಿಯರು ಹೀಗೆಯೇ ಎಂದರು ಕೆಲವರು. ಗಾಳಿ ಸೋಕಿದೆ ಎಂದು ತಾಯತ ತಂದುಕೊಟ್ಟರು ಇನ್ನು ಕೆಲವರು. ಒಂದು ಮಧ್ಯಾಹ್ನ ಅವಳು ಕಣಜದ ಹಿಂದೆ ಮುದುಡಿ ಕೂತಿದ್ದಳು. ತಾಯಿ ಹತ್ತಿರ ಹೋಗಿ ತಲೆ ಸವರಿದಾಗ, "ಅವ್ವಾ, ನನಗೆ ಬದುಕೇ ಬೇಡ ಅನ್ನಿಸುತ್ತದೆ" ಎಂದಳು.

ಹೆಂಡತಿ ಓಡಿ ಬಂದು ಈ ಮಾತು ಮುಟ್ಟಿಸಿದಾಗ ಕಲ್ಲುಕುಟಿಗ ಉಳಿ ಕೆಳಗಿಟ್ಟ. ಅರೆಗೆಲಸವನ್ನು ಅಲ್ಲೇ ಬಿಟ್ಟು ಮನೆಗೆ ಬಂದ. ಮರುದಿನ ಬೆಳಗಾಗುತ್ತಲೇ ಮಗಳ ಜೊತೆ ಮೂರು ಹರದಾರಿ ನಡೆದು ಒಬ್ಬ ವೈದ್ಯೆಯ ಮನೆ ಸೇರಿದ.

"ಇದು ಯಾವಾಗಿನಿಂದ?" ಎಂದು ವೈದ್ಯೆ ಕೇಳಿದಳು.

"ಈ ದೀಪಾವಳಿಯಿಂದ, ತಾಯಿ" ಎಂದ ಅವನು.

"ನನಗೆ ಆರು ವರ್ಷವಿದ್ದಾಗಿನಿಂದ" ಎಂದಳು ಮಗಳು.

ಅವನು ತಿರುಗಿ ಮಗಳ ಮುಖ ನೋಡಿದ. ಅಷ್ಟು ವರ್ಷ ಒಂದೇ ಸೂರಿನಡಿ ಉಂಡಿದ್ದರು. ಅವನಿಗೆ ಗೊತ್ತೇ ಇರಲಿಲ್ಲ.

ವೈದ್ಯೆ ಮದ್ದು ಕೊಟ್ಟಳು. "ಮದ್ದೊಂದೇ ಸಾಲದು. ಇವಳನ್ನು ಒಂಟಿಯಾಗಿ ಬಿಡಬೇಡಿ. ದಿನಾ ಪಕ್ಕದಲ್ಲಿ ಕೂತು ಇವಳು ಹೇಳಿದ್ದನ್ನು ಕೇಳು. ನಗಬೇಡ, ಬುದ್ಧಿ ಹೇಳಬೇಡ. ಹದಿನೈದು ದಿನಕ್ಕೊಮ್ಮೆ ಕರೆದುಕೊಂಡು ಬಾ. ತುಂಬಾ ದಿನ ಹಿಡಿಯುತ್ತದೆ" ಎಂದಳು.

"ಎಷ್ಟೇ ದಿನ ಹಿಡಿಯಲಿ" ಎಂದ ಅವನು.

ಅಂದಿನಿಂದ ಹೊತ್ತು ಇಳಿಯುವ ಮೊದಲೇ ಕೆಲಸ ನಿಲ್ಲಿಸಿ ಮಗಳ ಪಕ್ಕ ಕೂರತೊಡಗಿದ. ಒಂದು ತಿಂಗಳು ಅವಳು ತುಟಿ ಬಿಚ್ಚಲಿಲ್ಲ. ಅವನು ಏಳಲಿಲ್ಲ. ಕಟ್ಟೆಯ ಗೆಳೆಯರು ಕರೆದರೂ ಹೋಗಲಿಲ್ಲ. ಎರಡನೆಯ ತಿಂಗಳಲ್ಲಿ ಒಂದು ಸಂಜೆ ಅವಳು ನೆಲ ನೋಡುತ್ತಲೇ, "ಬಂಡೆ ಬಿದ್ದರೆ?" ಎಂದಳು.

ಅವನಿಗೆ ಅಭ್ಯಾಸಬಲದಿಂದ ನಗು ಬಂತು. ತಡೆದುಕೊಂಡ. "ನನಗೂ ಆ ಭಯ ಇದೆ, ಮಗಳೇ. ದಿನಾ ಇದೆ" ಎಂದ. ಆ ಮಾತನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಸಾವಂತ್ರಿ ತಲೆಯೆತ್ತಿ ಅಪ್ಪನನ್ನು ನೋಡಿದಳು. ಆಮೇಲೆ ಬಹಳ ಹೊತ್ತು ಅತ್ತಳು. ಅವನು ಸುಮ್ಮನಿರು ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಅವಳನ್ನು ಬಂಡೆಯ ಹತ್ತಿರ ಕರೆದುಕೊಂಡು ಹೋದ. ಕಲ್ಲನ್ನು ಬಡಿದು ಸದ್ದಿನಿಂದ ಬಿರುಕು ತಿಳಿಯುವುದು ಹೇಗೆ, ಸೀಳುವಾಗ ಎಲ್ಲಿ ನಿಲ್ಲಬೇಕು, ಯಾವ ಕಡೆ ಜಿಗಿಯಬೇಕು ಎಂದು ತೋರಿಸಿದ. ಅರ್ಧ ದಾರಿಯಿಂದಲೇ ಅವಳು ಮನೆಗೆ ತಿರುಗಿದ ದಿನಗಳೂ ಆಮೇಲೆ ಇದ್ದವು. ಮರುದಿನ ಮತ್ತೆ ಹೊರಡುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಆ ಮೂರು ಹರದಾರಿಯನ್ನು ಎರಡು ವರ್ಷ ನಡೆದರು. ಬೇಸಿಗೆ ಎನ್ನಲಿಲ್ಲ, ಮಳೆ ಎನ್ನಲಿಲ್ಲ. ಸಾವಂತ್ರಿ ಉಂಡಳು, ಮಲಗಿದಳು, ಗೆಳತಿಯರ ಜೊತೆ ನೀರಿಗೆ ಹೋದಳು. ಭಯ ಬಂದ ದಿನ, ಬಂದಿದೆ ಎಂದು ಬಾಯಿಬಿಟ್ಟು ಹೇಳಿದಳು.

ಗುರುಗಳು ಕತೆ ನಿಲ್ಲಿಸಿದರು.

ಮುರಿಗೆಪ್ಪ ಕೈಮುಗಿದು, "ಅರ್ಥವಾಯಿತು ಗುರುಗಳೇ. ನಾಳೆ ಆ ಮಗುವಿಗೆ ಏನು ಹೇಳಲಿ, ಅಪ್ಪಣೆಯಾಗಲಿ" ಎಂದ.

"ಆ ಮಗು ನಿನಗೆ ಏನು ಹೇಳಿದೆ?" ಎಂದರು ಗುರುಗಳು.