ಹತ್ತು ಬೆರಳಿನ ಗುರು

ಹೊಳೆದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಯಾರೂ ಕಣ್ಣು ಮುಚ್ಚಿ ಕೂರುತ್ತಿರಲಿಲ್ಲ. ಮುಚ್ಚಿದರೆ ತಲೆಯ ಮೇಲೆ ಕೊಂಬೆ ಬೀಳುತ್ತಿತ್ತು.

ಅದು ಮರ ಹತ್ತಿ ಕೊಂಬೆ ಇಳಿಸುವವರ ಆಶ್ರಮ. ಗುರುಗಳ ಹೆಸರು ಓಬಳಯ್ಯ. ಅವರು ಹತ್ತಿದ ಮರಗಳನ್ನೆಲ್ಲ ಒಂದರ ಮೇಲೊಂದು ನಿಲ್ಲಿಸಿದ್ದರೆ ಚಂದ್ರನನ್ನು ಕೆಳಗೆ ಬಗ್ಗಿ ನೋಡಬೇಕಾಗುತ್ತಿತ್ತು.

ಅಂಗಳದಲ್ಲಿ ಒಂದು ಚಿಪ್ಪರ್ ಯಂತ್ರ. ಕಡಿದ ಕೊಂಬೆಯನ್ನು ಬಾಯಿಗೆ ಕೊಟ್ಟರೆ ಉರುಳೆಗಳು ಒಳಗೆಳೆದುಕೊಳ್ಳುತ್ತಿದ್ದವು, ಅಲಗಿನ ಚಕ್ರ ಪುಡಿ ಮಾಡಿ ಆಚೆ ಉಗುಳುತ್ತಿತ್ತು. ಬೆಳಗ್ಗೆ ಅದರ ಬಾಯಿಗೆ ಹೋದ ಆಲದ ಮರ ಮಧ್ಯಾಹ್ನಕ್ಕೆ ಮೂರು ಊರಿನ ದನಗಳಿಗೆ ಹಾಸಿಗೆಯಾಗುತ್ತಿತ್ತು ಎನ್ನುತ್ತಾರೆ. ಮೂರು ಎಂಬುದು ಉತ್ಪ್ರೇಕ್ಷೆ. ಎರಡು ಊರು.

ಈ ಆಶ್ರಮಕ್ಕೆ ತಿಪ್ಪೇಶ ಬಂದ. ಮೂವತ್ತೆರಡರ ಗಂಡಸು, ಅಂಗಾಲಿನಲ್ಲಿ ಇರುವೆ ಸಾಕಿದವನ ಹಾಗೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅವನು ನಡೆದರೆ ನೆರಳು ಹಿಂದೆ ಉಳಿದು, ಊಟದ ಹೊತ್ತಿಗೆ ಏದುಸಿರು ಬಿಡುತ್ತ ಬಂದು ಸೇರುತ್ತಿತ್ತು.

ಅವನನ್ನು ಕಳಿಸಿದವನು ಪೇಟೆಯ ಗಾದಿಲಿಂಗ ಮೇಸ್ತ್ರಿ. ಮೇಸ್ತ್ರಿಗೆ ಇದ್ದದ್ದು ಏಳು ಬೆರಳು. ಇಲ್ಲದ ಮೂರಕ್ಕೆ ಮೂವತ್ತು ಕಥೆ.

“ಹೊಸ ಯಂತ್ರ ತಂದಿದ್ದೀನಿ ಕಣೋ,” ಎಂದಿದ್ದ ಮೇಸ್ತ್ರಿ. “ಅದಕ್ಕೆ ಕೊಡೋಕೆ ನನ್ನ ಹತ್ರ ಇನ್ನು ಬೆರಳಿಲ್ಲ. ಓಬಳಯ್ಯನೋರ ಹತ್ರ ಕಲಿತು, ಅವರ ಬಾಯಿಂದ ‘ಆಗಬಹುದು’ ಅನ್ನಿಸ್ಕೊಂಡು ಬಾ. ದೀಪಾವಳಿಗೆ ಮುಂಚೆ ಬಂದ್ರೆ ಯಂತ್ರ ನಡೆಸೋನು ನೀನೇ. ತಡ ಆದ್ರೆ ಬೇರೆಯವನು.”

ತಿಪ್ಪೇಶ ಗುರುಗಳ ಕಾಲಿಗೆ ಬಿದ್ದ. ಏಳುವಾಗ ಅವರ ಕೈ ನೋಡಿದ. ಎಣಿಸಿದ. ಇನ್ನೊಮ್ಮೆ ಎಣಿಸಿದ. ಹತ್ತಕ್ಕೆ ಹತ್ತೂ ಇದ್ದವು.

ಅವನಿಗೆ ಸ್ವಲ್ಪ ನಿರಾಸೆಯಾಯಿತು.

“ಗುರುಗಳೇ, ಎಷ್ಟು ವರ್ಷದಿಂದ ಈ ಕೆಲಸ?”

“ಮರದಲ್ಲಿ ನಲವತ್ತು. ಯಂತ್ರದ ಮುಂದೆ ಹದಿನಾಲ್ಕು.”

“ಒಂದಾದರೂ ಅಪಘಾತ?”

“ಇಲ್ಲ.”

“ಹಾಗಾದರೆ ಹೇಳಿಕೊಳ್ಳೋಕೆ ಒಂದು ಕಥೆಯೂ ಇಲ್ಲವಾ?”

“ಕಥೆ ಬೇಕು ಅಂದ್ರೆ ಬೆರಳು ಕೊಡಬೇಕಪ್ಪ. ನಾನು ಜಿಪುಣ.”

ಪಕ್ಕದಲ್ಲಿ ಗರಗಸಕ್ಕೆ ಅರ ಹಾಕುತ್ತಿದ್ದ ಹನುಮವ್ವ ನಕ್ಕಳು. ಅವಳು ಆಶ್ರಮದ ಹಳೆಯ ಶಿಷ್ಯೆ, ಯಂತ್ರದ ಬಾಯಿಗೆ ಕೊಂಬೆ ಕೊಡುವವಳು. ಆನೆಯಷ್ಟು ದಪ್ಪ ದಿಮ್ಮಿಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಎಲೆಯಡಿಕೆ ಮಡಿಸಬಲ್ಲಳು.

“ಬಂದವರೆಲ್ಲ ಮೊದಲು ಅದನ್ನೇ ಎಣಿಸ್ತಾರೆ ನೋಡಿ,” ಎಂದಳು.

ಗುರುಗಳು ತಿಪ್ಪೇಶನ ಕೊರಳಿನ ಟವೆಲ್ ತೆಗೆದುಕೊಂಡರು. ಒಳ್ಳೆಯ ಟವೆಲ್, ಅತ್ತೆ ಮನೆಯವರು ಕೊಟ್ಟದ್ದು. ಯಂತ್ರ ಓಡುತ್ತಿತ್ತು. ಒಂದು ಕೊಂಬೆಗೆ ಅದನ್ನು ಸುತ್ತಿ ಬಾಯಿಗೆ ಕೊಟ್ಟರು.

ತಿಪ್ಪೇಶ ‘ಅಯ್ಯೋ’ ಎನ್ನಲು ಬಾಯಿ ತೆರೆದ. ಬಾಯಿ ಮುಚ್ಚುವಷ್ಟರಲ್ಲಿ ಟವೆಲ್ ಪುಡಿಯಾಗಿ ಹೊಳೆಯ ಕಡೆ ಹಾರಿತ್ತು.

“ನನ್ನ ಟವೆಲ್ ಏನು ತಪ್ಪು ಮಾಡಿತ್ತು?”

“ಏನೂ ಇಲ್ಲ,” ಎಂದರು ಗುರುಗಳು. “ಈಗಷ್ಟೇ ಅದರ ಇನ್ನೊಂದು ತುದಿಯಲ್ಲಿ ನೀನಿದ್ದೆ.”

ತಿಪ್ಪೇಶ ತೋಳಿನ ಗುಂಡಿ ಹಾಕಿಕೊಂಡ. ಕೈಯ ಬೆಳ್ಳಿ ಕಡಗ ಬಿಚ್ಚಿ ಚೀಲಕ್ಕೆ ಸೇರಿಸಿದ.

ಮರುದಿನದಿಂದ ಪಾಠ. ಪಾಠವೆಂದರೆ ಇಷ್ಟೇ. ಯಂತ್ರದ ಬಾಯಿಯ ಮೇಲೆ ಒಂದು ಕೆಂಪು ಸರಳಿತ್ತು. ಅದನ್ನು ತಳ್ಳಿದರೆ ಉರುಳೆಗಳು ನಿಲ್ಲುತ್ತವೆ. ಆರಿಸಿಟ್ಟ ಯಂತ್ರದ ಮುಂದೆ ನಿಂತು ದಿನಕ್ಕೆ ನೂರು ಸಲ ಆ ಸರಳನ್ನು ತಳ್ಳಬೇಕು.

“ನಿಂತಿರೋದನ್ನ ಇನ್ನೂ ಎಷ್ಟು ನಿಲ್ಲಿಸೋದು ಗುರುಗಳೇ?”

“ನಿನ್ನ ಕೈ ನಿನ್ನನ್ನ ಕೇಳೋದು ಬಿಡೋವರೆಗೆ.”

ಒಂದು ತಿಂಗಳು ತಳ್ಳಿದ. ಕನಸಿನಲ್ಲೂ ತಳ್ಳಿದ. ಒಂದು ಸಲ ಪೇಟೆಗೆ ಹೋಗುವ ಬಸ್ಸಿನಲ್ಲಿ ತೂಕಡಿಸುತ್ತ ಮುಂದಿನ ಸೀಟಿನವನ ತಲೆಯನ್ನೇ ತಳ್ಳಿಬಿಟ್ಟ. ಬಸ್ಸೂ ನಿಂತಿತು ಎಂದು ಹನುಮವ್ವ ಊರಿಗೆಲ್ಲ ಹೇಳಿದಳು.

ಎರಡನೆಯ ತಿಂಗಳು ಹನುಮವ್ವನ ಪಾಠ.

“ದಪ್ಪ ತುದಿ ಮೊದಲು ಕೊಡು. ಎದುರಿಗೆ ನಿಲ್ಲಬೇಡ, ಪಕ್ಕಕ್ಕೆ ನಿಲ್ಲು. ಕೊಟ್ಟ ಕೂಡಲೇ ಬೆನ್ನು ತಿರುಗಿಸಿ ಹೋಗು. ಬಡಿಸಿದ ಮೇಲೆ ತಿನ್ನೋರ ಬಾಯಿ ನೋಡ್ತಾ ನಿಲ್ತಾರೇನು?”

“ಸಣ್ಣ ಕಡ್ಡಿ ಬಾಯಲ್ಲೇ ಉಳಿದರೆ?”

“ಅದಕ್ಕೇ ಈ ಕೋಲು ಇರೋದು. ಕೋಲು ಹೋದರೆ ಹೊಳೆದಂಡೇಲಿ ಇನ್ನೊಂದು ಸಿಗುತ್ತೆ.”

ಇನ್ನು ಮೂರನೆಯದು, ತಿಪ್ಪೇಶನಿಗೆ ಕೇಳಿದರೇ ಮೈ ಪರಚಿಕೊಳ್ಳುವಂತಾಗುತ್ತಿದ್ದ ಪದ್ಧತಿ.

ಮರದ ಮೇಲಿರುವವನ ಸೊಂಟಕ್ಕೆ ಕಟ್ಟಿದ ನೀಲಿ ಹಗ್ಗದ ಬಾಲ ನೆಲದವರೆಗೆ ಇಳಿದಿರುತ್ತದೆ. ಕೆಳಗಿರುವವನು ಕೊಂಬೆಯ ಪ್ರತಿ ಹೊರೆಯನ್ನೂ ಯಂತ್ರಕ್ಕೆ ಕೊಡುವ ಮೊದಲು ಆ ತುದಿಯನ್ನು ಹುಡುಕಿ, ಎತ್ತಿ ಹಿಡಿದು, “ಹಗ್ಗ ಇಲ್ಲಿದೆ,” ಎಂದು ಕೂಗಬೇಕು. ಮೇಲಿನವನು, “ನಾನು ಇಲ್ಲಿದ್ದೀನಿ,” ಎನ್ನಬೇಕು. ಆಮೇಲೆಯೇ ಹೊರೆ.

“ಮೇಲಿಲ್ಲದೆ ಇನ್ನೆಲ್ಲಿಗೆ ಹೋಗ್ತಾರೆ ಇವರು?” ಎಂದು ತಿಪ್ಪೇಶ ಹನುಮವ್ವನನ್ನು ಕೇಳಿದ. “ಹತ್ತಿದ್ದನ್ನ ನಾನೇ ನೋಡಿದ್ದೀನಿ.”

“ಅವರನ್ನೇ ಕೇಳು.”

ಕೇಳಿದ. ಗುರುಗಳು ಹಗ್ಗ ಸುತ್ತುತ್ತ ಕುಳಿತರು. ಆ ಹಗ್ಗ ಮುಗಿಯುವಷ್ಟರಲ್ಲಿ ತಿಪ್ಪೇಶನಿಗೆ ನಾಲ್ಕು ಸಲ ಹಸಿವಾಯಿತು.

ದೀಪಾವಳಿಗೆ ಆರು ದಿನ ಉಳಿಯಿತು. ಮೇಸ್ತ್ರಿಯ ಫೋನು ದಿನಕ್ಕೆ ಮೂರು ಸಲ ಬರತೊಡಗಿತು. ತಿಪ್ಪೇಶ ರಾಗಿ ಮುದ್ದೆಯನ್ನು ನಿಂತೇ ನುಂಗಿದ. ಗುರುಗಳ ಮುಂದೆ ಹೋಗಿ ಕೂತ, ಎದ್ದ, ಮತ್ತೆ ಕೂತ.

“ಗುರುಗಳೇ, ನನಗೆ ಯಾವಾಗ ‘ಆಗಬಹುದು’ ಅಂತೀರಿ?”

ಹೊಳೆಯ ತಿರುವಿನಲ್ಲಿ ಒಂದು ದೊಡ್ಡ ಗೋಣಿಮರ, ಗಾಳಿಗೆ ಸೀಳಿ ದಾರಿಯ ಮೇಲೆ ವಾಲಿತ್ತು.

“ನಾಳೆ ಅದರ ಕೊಂಬೆ ಇಳಿಸೋಣ. ನಾನು ಮೇಲೆ. ನೀನು ಯಂತ್ರದ ಬಾಯಿಗೆ. ಹನುಮವ್ವ ಹೊರೆ ಎಳೆದು ಕೊಡ್ತಾಳೆ. ಮರ ಮುಗಿದಾಗ ‘ಆಗಬಹುದು’ ಅಂದು ಯಂತ್ರದ ಕೀಲಿ ನಿನ್ನ ಕೈಗೆ ಕೊಡ್ತೀನಿ.”

ಮರುದಿನ ತಿಪ್ಪೇಶ ಸೂರ್ಯನನ್ನೇ ಎಬ್ಬಿಸಿದ.

ಯಂತ್ರವನ್ನು ಗೋಣಿಮರದ ಬಳಿಗೆ ಎಳೆದು ತಂದರು. ಗುರುಗಳು ಮರ ಹತ್ತಿದರು. ಯಂತ್ರ ಗುಡುಗಿತು. ಹೊರೆಗಳು ಬಂದವು.

“ಹಗ್ಗ ಇಲ್ಲಿದೆ.”

“ನಾನು ಇಲ್ಲಿದ್ದೀನಿ.”

“ಹಗ್ಗ ಇಲ್ಲಿದೆ.”

“ನಾನು ಇಲ್ಲಿದ್ದೀನಿ.”

ಬಿಸಿಲು ನೆತ್ತಿಗೆ ಬಂದಾಗ ಮರ ಇನ್ನೂ ಅರ್ಧ ಉಳಿದಿತ್ತು. ತಿಪ್ಪೇಶ ತಲೆಯೆತ್ತಿ ನೋಡಿದ. ಅರ್ಧ ಮರ, ಐದು ದಿನ, ಒಂದು ಯಂತ್ರ. ಪ್ರತಿ ಸಲ ಬಗ್ಗುವುದು, ಹುಡುಕುವುದು, ಎತ್ತುವುದು, ಕೂಗುವುದು. ಅಷ್ಟರಲ್ಲಿ ಇನ್ನೆರಡು ಹೊರೆ ಹೋಗುತ್ತಿತ್ತು.

ಜೇಬಿನಲ್ಲಿ ಫೋನು ನಡುಗಿತು. ಮೇಸ್ತ್ರಿಯೇ ಇರಬೇಕು.

ಹನುಮವ್ವ ಮುಂದಿನ ಹೊರೆ ತರಲು ಆಚೆ ಹೋಗಿದ್ದಳು. ಕಾಲ ಬಳಿ ಎಲೆ ತುಂಬಿದ ಹೊರೆಯೊಂದು ಬಿದ್ದಿತ್ತು. ತಿಪ್ಪೇಶ ಕೂಗಲಿಲ್ಲ. ಬಗ್ಗಿ ಹುಡುಕಲಿಲ್ಲ. ಹೊರೆಯನ್ನು ತಬ್ಬಿ ಎತ್ತಿ ಬಾಯಿಗೆ ಕೊಟ್ಟ.

ಉರುಳೆ ಕಚ್ಚಿತು. ಎಲೆ ಹೋಯಿತು, ರೆಂಬೆ ಹೋಯಿತು. ಅದರ ಹಿಂದೆಯೇ ಒಂದು ನೀಲಿ ಗೆರೆ ಹುಲ್ಲಿನಿಂದ ಎದ್ದು ಹಾವಿನಂತೆ ಓಡಿತು.

ತಿಪ್ಪೇಶ ಅದು ಏನೆಂದು ಯೋಚಿಸುವ ಮೊದಲೇ ಅವನ ಕೈ ಕೆಂಪು ಸರಳನ್ನು ತಳ್ಳಿಯಾಗಿತ್ತು.

ಉರುಳೆಗಳು ನಿಂತವು. ಹೊರೆಗೆ ಸಿಕ್ಕಿ ಒಳಗೆ ಹೋಗುತ್ತಿದ್ದ ಗುರುಗಳ ಹಗ್ಗ ಅಲ್ಲೇ ಕಚ್ಚಿಕೊಂಡಿತು. ಅದು ಯಂತ್ರದ ಬಾಯಿಂದ ಮರದ ತುದಿಯವರೆಗೆ ಬಿಗಿಯಲು ಬಾಕಿ ಇದ್ದದ್ದು ಮೂರು ಮೊಳ. ಇಲ್ಲಿ ಉತ್ಪ್ರೇಕ್ಷೆಯಿಲ್ಲ. ಮೂರೇ ಮೊಳ.

ಹನುಮವ್ವ ಹೊರೆ ಎಸೆದು ಓಡಿ ಬಂದು ಕೀಲಿ ತಿರುಗಿಸಿದಳು. ಗುಡುಗು ಅಡಗಿತು. ಹೊಳೆಯ ಸದ್ದು ಕೇಳಿಸಿತು.

ಮೇಲಿನಿಂದ ಒಂದು ದನಿ ಬಂತು. ಯಾರೂ ಕರೆದಿರಲಿಲ್ಲ.

“ತಿಪ್ಪೇಶ. ನಾನು ಇಲ್ಲಿದ್ದೀನಿ.”

ಹಗ್ಗವನ್ನು ಬಿಡಿಸಬೇಕು, ಈಗಲೇ, ಗುರುಗಳು ಇಳಿಯುವ ಮೊದಲೇ. ತಿಪ್ಪೇಶ ಯಂತ್ರದ ಬಾಯಿಯೊಳಕ್ಕೆ ಕೈ ಚಾಚಿದ.

ಮುಂಗೈ ಮೇಲೆ ಕೋಲಿನ ಏಟು ಬಿತ್ತು.

“ಸದ್ದು ನಿಂತಿದೆ ಕಣೋ,” ಎಂದಳು ಹನುಮವ್ವ. “ಚಕ್ರ ನಿಂತಿಲ್ಲ.”

ನೆಲದ ಮೇಲಿದ್ದ ಒಣ ರೆಂಬೆಯನ್ನು ಕೋಲಿನಿಂದ ಒಳಗೆ ದೂಡಿದಳು. ಉರುಳೆಯ ಸಂದಿನಲ್ಲಿ ನುಸುಳಿದ ರೆಂಬೆ ಸದ್ದೇ ಇಲ್ಲದ ಯಂತ್ರದೊಳಗೆ ಟಕ್ಕೆಂದು ಮುರಿದು ಮಾಯವಾಯಿತು.

ತಿಪ್ಪೇಶ ಕೈಯನ್ನು ಎದೆಗೆ ಅವಚಿಕೊಂಡು ಕೂತುಬಿಟ್ಟ.

ಗುರುಗಳು ಸೊಂಟದ ಹಗ್ಗ ಬಿಚ್ಚಿ, ಮೇಲೆ ಇಟ್ಟುಕೊಂಡಿದ್ದ ಎರಡನೆಯ ಹಗ್ಗದಲ್ಲಿ ಇಳಿದು ಬಂದರು. ಬೈಯಲಿಲ್ಲ. ಅವನ ಪಕ್ಕದಲ್ಲಿ ಕೂತು, ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ ಕೊಟ್ಟರು.

“ಜಗಿ.”

“ಈಗಲಾ?”

“ಈಗಲೇ. ಚಕ್ರ ನಿಲ್ಲೋಕೆ ಒಂದು ಎಲೆಯಡಿಕೆ ಹೊತ್ತು ಬೇಕು.”

ಜಗಿದ. ಅಷ್ಟು ಉದ್ದದ ಎಲೆಯಡಿಕೆಯನ್ನು ಆ ಸೀಮೆಯಲ್ಲಿ ಯಾರೂ ಜಗಿದಿಲ್ಲ. ಜಗಿಯುತ್ತ ತನ್ನ ಬೆರಳುಗಳನ್ನು ಒಂದೊಂದಾಗಿ ಎಣಿಸಿದ.

“ನಿಮ್ಮನ್ನ ಕೊಂದೇ ಬಿಡ್ತಿದ್ದೆ,” ಎಂದ ಕೊನೆಗೆ.

“ಹೌದು.”

“ನನ್ನ ಕೈ ಸರಳನ್ನ ಹೇಗೆ ತಳ್ಳಿತೋ ಗೊತ್ತಿಲ್ಲ.”

“ಅದಕ್ಕೆ ಗೊತ್ತು.”

“ಹಗ್ಗ ನೋಡದೇ ಹೋದವನೂ ನಾನೇ.”

“ಹೌದು, ಅವನೂ ನೀನೇ.”

ಚಕ್ರ ನಿಂತಿತು. ಹನುಮವ್ವ ಕೀಲಿ ಕಿತ್ತು ಸೆರಗಿಗೆ ಕಟ್ಟಿಕೊಂಡ ಮೇಲೆಯೇ ಮುಚ್ಚಳ ತೆರೆದು ಹಗ್ಗ ಬಿಡಿಸಿದಳು. ಯಂತ್ರ ತುದಿ ಜಗಿದಿದ್ದ ಹಗ್ಗವನ್ನು ಗುರುಗಳು ಗೋಣಿಮರದ ಬುಡಕ್ಕೆ ನೇತುಹಾಕಿದರು. ಹೊಸ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಮತ್ತೆ ಮರದ ಕಡೆ ನಡೆದರು.

“ಬಾಯಿಗೆ ಯಾರು ಕೊಡೋದು?” ಎಂದಳು ಹನುಮವ್ವ.

“ಬೆಳಗ್ಗೆ ಯಾರು ಕೊಟ್ಟರೋ ಅವರೇ.”

“ಗುರುಗಳೇ, ಬೇಡ,” ಎಂದ ತಿಪ್ಪೇಶ.

ಅವರು ಆಗಲೇ ಎರಡಾಳು ಎತ್ತರದಲ್ಲಿದ್ದರು.

ಯಂತ್ರ ಗುಡುಗಿತು. ತಿಪ್ಪೇಶ ಹುಲ್ಲಿನಲ್ಲಿ ಮಂಡಿಯೂರಿ ಹಗ್ಗದ ತುದಿ ಹುಡುಕಿದ. ಎತ್ತಿ ಹಿಡಿದ.

“ಹಗ್ಗ ಇಲ್ಲಿದೆ.”

ಮೇಲಿನಿಂದ ಉತ್ತರ ಬರುವವರೆಗೆ ಅವನ ಪ್ರಾಣ ಹಗ್ಗದ ತುದಿಯಲ್ಲೇ ಇತ್ತು.

“ನಾನು ಇಲ್ಲಿದ್ದೀನಿ.”

ಬೆಳಗ್ಗೆ ಅರವತ್ತು ಸಲ ಕೇಳಿದ್ದ ಮಾತು. ಅವನು ಅದನ್ನು ಕೇಳಿಸಿಕೊಂಡದ್ದು ಈಗ. ಅಂಗಾಲಿನ ಇರುವೆಗಳು ಹಾಗೇ ಹರಿದಾಡುತ್ತಿದ್ದವು. ಕಾಲು ಮಾತ್ರ ಹುಲ್ಲಿನಲ್ಲಿ ಊರಿತ್ತು. ಕಣ್ಣೊರೆಸಿಕೊಂಡು, ಪಕ್ಕಕ್ಕೆ ನಿಂತು, ಹೊರೆ ಕೊಟ್ಟು ಬೆನ್ನು ತಿರುಗಿಸಿದ.

ಸಂಜೆಯ ಬಿಸಿಲು ಹೊಳೆಗೆ ಬೀಳುವಾಗ ಮರ ಮುಗಿಯಿತು. ಗುರುಗಳು ಇಳಿದು ಬಂದು, ಆಡಿದ ಮಾತಿನಂತೆ ಕೀಲಿಯನ್ನು ಅವನ ಅಂಗೈಯಲ್ಲಿಟ್ಟರು.

ತಿಪ್ಪೇಶ ಅದನ್ನು ಬಹಳ ಹೊತ್ತು ನೋಡಿದ. ಮತ್ತೆ ಗುರುಗಳ ಕೈಗೇ ಕೊಟ್ಟ.

“ಇನ್ನೊಂದು ಮರ ಆಗಲಿ.”

“ದೀಪಾವಳಿ?”

“ಬಂದು ಹೋಗಲಿ.”

“ಇವನು ನಿಲ್ಲಿಸಿದ ಬಸ್ಸು ಇವತ್ತು ಹೊರಡೋ ಹಾಗಿಲ್ಲ,” ಎಂದಳು ಹನುಮವ್ವ, ಅವನ ಕಡೆ ನೋಡದೆ.

ಜೇಬಿನಲ್ಲಿ ಫೋನು ಮತ್ತೆ ನಡುಗಿತು. ತಿಪ್ಪೇಶ ಅದನ್ನು ಹೊರಗೆ ತೆಗೆದ. ಗಾದಿಲಿಂಗ ಮೇಸ್ತ್ರಿ.

“ಇವತ್ತು ಏನಾಯ್ತು ಅಂತ ಕೇಳ್ತಾರೆ ಗುರುಗಳೇ. ಏನು ಹೇಳಲಿ?”

ಓಬಳಯ್ಯನವರು ಹತ್ತು ಬೆರಳನ್ನೂ ಹೊಳೆಯ ನೀರಿನಲ್ಲಿ ಒಂದೊಂದಾಗಿ ತೊಳೆಯುತ್ತಿದ್ದರು.

“ನಡೆದದ್ದನ್ನ ನಡೆದ ಹಾಗೇ ಹೇಳು. ಆಮೇಲೆ, ಮಧ್ಯಾಹ್ನದಿಂದ ಈಚೆಗೆ ಏನೂ ಆಗಲಿಲ್ಲ ಅಂತ ಹೇಳು. ಅದನ್ನ ಸ್ವಲ್ಪ ಜಂಬದಿಂದಲೇ ಹೇಳು.”